ಬಾಟು ಗುಹೆಗಳ ತೈಪೂಸಂ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೇಷ್ಯಾದಲ್ಲಿ ಇರುವುದರಿಂದ ಸಂಕ್ರಾಂತಿ ಕಳೆದರೆ ಸಾಕು, ಊರಿನ ಗೆಳೆಯರಿಂದ ಒಂದೇ ತರಹದ ಫೋಟೊ ಬರಲು ಶುರುವಾಗುತ್ತದೆ. ಕೆನ್ನೆಗೆ ಶೂಲ ಚುಚ್ಚಿಕೊಂಡ ಹುಡುಗ, ಹಿಂದೆ ಬಂಗಾರದ ಬಣ್ಣದ ದೊಡ್ಡ ವಿಗ್ರಹ. ಕೆಳಗೆ ‘ಇದು ನಿಜಾನಾ?’ ಅಂತ ಪ್ರಶ್ನೆ. ನಿಜವೇ. ಆದರೆ ತೈಪೂಸಂ ಹಬ್ಬದ ಮುಕ್ಕಾಲು ಭಾಗ ಆ ಫೋಟೊದಲ್ಲಿ ಇಲ್ಲ. ಪಕ್ಕದ ಮನೆಯ ತಮಿಳು ಕುಟುಂಬದ ಜೊತೆ ಕೆಲವು ವರ್ಷ ಬಾಟು ಗುಹೆಯ ಮೆಟ್ಟಿಲು ಹತ್ತಿದ್ದೇನೆ. ಅಲ್ಲಿ ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ತೈಪೂಸಂ ಅಂದರೆ ಏನು? ಯಾವಾಗ ಬರುತ್ತದೆ?

‘ತೈ’ ತಮಿಳರ ತಿಂಗಳು. ಪೊಂಗಲ್ ದಿನ, ಅಂದರೆ ನಮ್ಮ ಸಂಕ್ರಾಂತಿಯ ಹೊತ್ತಿಗೆ ಶುರುವಾಗುತ್ತದೆ. ‘ಪೂಸಂ’ ಅಂದರೆ ಪುಷ್ಯ ನಕ್ಷತ್ರ. ಆ ತಿಂಗಳ ಹುಣ್ಣಿಮೆಯ ಹೊತ್ತಿಗೆ ಪುಷ್ಯ ನಕ್ಷತ್ರ ಕೂಡಿ ಬಂದ ದಿನವೇ ತೈಪೂಸಂ. ಹಾಗಾಗಿ ಜನವರಿ ಮಧ್ಯದಿಂದ ಫೆಬ್ರುವರಿ ಮಧ್ಯದೊಳಗೆ ಬರುತ್ತದೆ. 2024ರಲ್ಲಿ ಜನವರಿ 25, 2025ರಲ್ಲಿ ಫೆಬ್ರುವರಿ 11, 2026ರಲ್ಲಿ ಫೆಬ್ರುವರಿ 1.

ನಮ್ಮ ಪಂಚಾಂಗದ ಲೆಕ್ಕದಲ್ಲಿ ಇದು ಕೆಲವು ವರ್ಷ ಬನದ ಹುಣ್ಣಿಮೆಗೆ ಬೀಳುತ್ತದೆ, ಕೆಲವು ವರ್ಷ ಭಾರತ ಹುಣ್ಣಿಮೆಗೆ. 2024ರಲ್ಲಿ ಬಾದಾಮಿಯ ಬನಶಂಕರಿ ತೇರು, ಬಾಟು ಗುಹೆಯ ಕಾವಡಿ ಎರಡೂ ಒಂದೇ ಹುಣ್ಣಿಮೆಗೆ ಬಂದಿದ್ದವು.

ಯಾವ ದೇವರ ಹಬ್ಬ? ನಮ್ಮ ಸುಬ್ರಹ್ಮಣ್ಯನೇ ಅಲ್ವಾ?

ಅವನೇ. ಮುರುಗ, ಷಣ್ಮುಖ, ಸ್ಕಂದ, ಸುಬ್ರಹ್ಮಣ್ಯ ಎಲ್ಲ ಒಬ್ಬನೇ. ಆದರೆ ನಾವು ಅವನನ್ನು ಕಾಣುವ ಬಗೆ ಬೇರೆ. ನಮ್ಮಲ್ಲಿ ಕುಕ್ಕೆ, ಘಾಟಿ ಅಂದರೆ ಮೊದಲು ನೆನಪಾಗುವುದು ನಾಗ. ಷಷ್ಠಿ, ನಾಗಪ್ರತಿಷ್ಠೆ, ಸರ್ಪದೋಷ. ತಮಿಳರ ಮುರುಗ ಬೆಟ್ಟದ ಮೇಲೆ ನಿಂತ ಹುಡುಗ. ಕೈಯಲ್ಲಿ ‘ವೇಲ್’, ಪಕ್ಕದಲ್ಲಿ ನವಿಲು. ವೇಲ್ ಅಂದರೆ ಎಲೆಯಾಕಾರದ ತುದಿ ಇರುವ ಈಟಿ. ಶೂರಪದ್ಮನ್ ಎಂಬ ಅಸುರನನ್ನು ಗೆಲ್ಲಲು ತಾಯಿ ಪಾರ್ವತಿ ಮಗನಿಗೆ ಈ ವೇಲ್ ಕೊಟ್ಟ ದಿನವೇ ತೈಪೂಸಂ ಅನ್ನುತ್ತಾರೆ. ಕಥೆಯ ಕೊನೆಯಲ್ಲಿ ಶೂರಪದ್ಮನ್ ಮಾವಿನ ಮರವಾಗಿ ನಿಲ್ಲುತ್ತಾನೆ. ವೇಲ್ ಆ ಮರವನ್ನು ಸೀಳುತ್ತದೆ. ಒಂದು ಹೋಳು ನವಿಲಾಗುತ್ತದೆ, ಇನ್ನೊಂದು ಹುಂಜವಾಗುತ್ತದೆ. ಮುರುಗ ನವಿಲನ್ನು ವಾಹನ ಮಾಡಿಕೊಳ್ಳುತ್ತಾನೆ, ಹುಂಜವನ್ನು ಬಾವುಟಕ್ಕೆ ಏರಿಸುತ್ತಾನೆ. ಶತ್ರುವನ್ನು ಕೊಂದು ಬಿಸಾಡದೆ ಜೊತೆಗೇ ಇಟ್ಟುಕೊಂಡ ದೇವರು ಅನ್ನುವುದೇ ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ.

ತಮಿಳರ ಹಬ್ಬ ಮಲೇಷ್ಯಾಕ್ಕೆ ಹೇಗೆ ಬಂತು?

ಹಡಗಿನಲ್ಲಿ. ಬ್ರಿಟಿಷರ ಕಾಲದಲ್ಲಿ ನಾಗಪಟ್ಟಣ, ಮದರಾಸಿನ ಬಂದರುಗಳಿಂದ ಸಾವಿರಾರು ಜನ ಪೆನಾಂಗಿಗೆ ಬಂದಿಳಿದರು. ಮೊದಲು ಕರಾರು ಕೂಲಿಗಳಾಗಿ ಕಬ್ಬು, ಕಾಫಿ ತೋಟಕ್ಕೆ ಬಂದರು. ಆಮೇಲೆ ‘ಕಂಗಾಣಿ’ ಅನ್ನುವ ಮೇಸ್ತ್ರಿಗಳು ತಮ್ಮ ತಮ್ಮ ಊರಿನಿಂದಲೇ ರಬ್ಬರ್ ತೋಟಕ್ಕೆ ಜನರನ್ನು ಕರೆತಂದರು. ಕಾಡು ಕಡಿದವರು, ರಸ್ತೆ ಹಾಕಿದವರು, ರೈಲು ಹಳಿ ಜೋಡಿಸಿದವರು ಇವರೇ. ಲೇವಾದೇವಿ ಮಾಡುತ್ತಿದ್ದ ನಾಟುಕೋಟೈ ಚೆಟ್ಟಿಯಾರರೂ ಬಂದರು. ಅವರು ಹೋದಲ್ಲೆಲ್ಲ ದಂಡಾಯುಧಪಾಣಿಗೆ, ಅಂದರೆ ಮುರುಗನಿಗೆ, ಗುಡಿ ಕಟ್ಟಿಸಿದರು.

ತೋಟದ ‘ಲೈನು’ ಮನೆಗಳಲ್ಲಿ ಇದ್ದವರಿಗೆ ವಾಪಸ್ ಊರಿಗೆ ಹೋಗುವುದು ಸುಲಭ ಇರಲಿಲ್ಲ. ಹಾಗಾಗಿ ಊರಿನ ದೇವರನ್ನೇ ಇಲ್ಲಿಗೆ ಕರೆಸಿಕೊಂಡರು. ತೋಟ ತೋಟಕ್ಕೂ ಒಂದು ಮಾರಿಯಮ್ಮನ ಗುಡಿ ಎದ್ದಿತು. ಈಗ ಮಲೇಷ್ಯಾದಲ್ಲಿ ಭಾರತೀಯ ಮೂಲದವರು ಸುಮಾರು 20 ಲಕ್ಷ ಇದ್ದಾರೆ. ಅವರಲ್ಲಿ ಹೆಚ್ಚಿನವರು ತಮಿಳರು.

ಬಾಟು ಗುಹೆ ಎಲ್ಲಿದೆ? ದೇವಸ್ಥಾನ ಎಷ್ಟು ಹಳೆಯದು?

ಕೌಲಾಲಂಪುರದಿಂದ ಉತ್ತರಕ್ಕೆ ಸುಮಾರು 13 ಕಿಲೋಮೀಟರ್ ದೂರದಲ್ಲಿ, ಸೆಲಾಂಗೊರ್ ರಾಜ್ಯದ ಗೊಂಬಾಕ್‌ನಲ್ಲಿ ಇದೆ. ಸುಣ್ಣದ ಕಲ್ಲಿನ ಬೆಟ್ಟ. ಪಕ್ಕದಲ್ಲಿ ಹರಿಯುವ ಸುಂಗೈ ಬಾಟು ಹೊಳೆಯಿಂದ ಈ ಹೆಸರು. ಮಲಯ ಭಾಷೆಯಲ್ಲಿ ‘ಬಾಟು’ ಅಂದರೆ ಕಲ್ಲು, ‘ಸುಂಗೈ’ ಅಂದರೆ ಹೊಳೆ.

ಗುಹೆಯಲ್ಲಿ ಮುರುಗನ ಪೂಜೆ ಶುರು ಮಾಡಿಸಿದವರು ಕೆ. ತಂಬುಸಾಮಿ ಪಿಳ್ಳೈ. ಕೌಲಾಲಂಪುರದ ದೊಡ್ಡ ವ್ಯಾಪಾರಿ. ಊರೊಳಗಿನ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನವನ್ನು 1873ರಲ್ಲಿ ಕಟ್ಟಿಸಿದವರೂ ಅವರೇ. ಗುಹೆಯ ಬಾಯಿ ವೇಲ್‌ನ ಆಕಾರದಲ್ಲಿ ಕಂಡಿತಂತೆ, ಅದಕ್ಕೇ ಇಲ್ಲಿ ಮುರುಗನನ್ನು ಇಟ್ಟರು ಅಂತ ಹೇಳುತ್ತಾರೆ. 1892ರಿಂದ ಇಲ್ಲಿ ತೈಪೂಸಂ ನಡೆಯುತ್ತಿದೆ.

ಮೊದಲು ಮೆಟ್ಟಿಲೇ ಇರಲಿಲ್ಲ. 1920ರಲ್ಲಿ ಮರದ ಮೆಟ್ಟಿಲು ಹಾಕಿದರು, 1940ರಲ್ಲಿ ಕಾಂಕ್ರೀಟಿನದು ಬಂತು. ಒಟ್ಟು 272 ಮೆಟ್ಟಿಲು. ಫೋಟೊಗಳಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣ 2018ರ ಆಗಸ್ಟಿನಲ್ಲಿ ಬಳಿದದ್ದು. 42.7 ಮೀಟರ್ ಎತ್ತರದ, ಅಂದರೆ 140 ಅಡಿಯ ಮುರುಗನ ವಿಗ್ರಹ 2006ರ ಜನವರಿಯಲ್ಲಿ ಲೋಕಾರ್ಪಣೆ ಆಯಿತು. ಹಾಗಾಗಿ ವಿಗ್ರಹ ನಿನ್ನೆ ಮೊನ್ನೆಯದು, ಹಬ್ಬ ಮಾತ್ರ ನೂರ ಮೂವತ್ತು ವರ್ಷ ದಾಟಿದೆ.

ಹಬ್ಬ ಒಂದೇ ದಿನದ್ದಾ?

ಅಲ್ಲ. ಎರಡು ದಿನ ಮೊದಲಿನ ರಾತ್ರಿಯೇ ಮಹಾಮಾರಿಯಮ್ಮನ್ ದೇವಸ್ಥಾನದಿಂದ ಬೆಳ್ಳಿ ರಥ ಹೊರಡುತ್ತದೆ. ಮುರುಗ, ಜೊತೆಗೆ ಅವನ ಮಡದಿಯರಾದ ವಳ್ಳಿ, ದೇವಯಾನೈ. ಸುಮಾರು 15 ಕಿಲೋಮೀಟರ್ ದಾರಿ. ಆದರೆ ದಾರಿಯುದ್ದಕ್ಕೂ ಜನ ಆರತಿ ತಟ್ಟೆ ಹಿಡಿದು, ತೆಂಗಿನಕಾಯಿ ಒಡೆದು ನಿಲ್ಲಿಸುವುದರಿಂದ ಬಾಟು ಗುಹೆ ಮುಟ್ಟುವಾಗ ಬೆಳಗಾಗಿರುತ್ತದೆ. ಹರಕೆ ತೀರಿಸುವವರು ಅದಕ್ಕೂ ಎರಡು ಮೂರು ದಿನ ಮೊದಲಿಂದಲೇ ಬರಲು ಶುರು ಮಾಡುತ್ತಾರೆ. ಎಲ್ಲ ಸೇರಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಅಂತ ಲೆಕ್ಕ.

ಕಾವಡಿ ಅಂದರೆ ಏನು?

ನಮಗೆ ಗೊತ್ತಿರುವ ಕಾವಡಿಯೇ. ಹೆಗಲ ಮೇಲೆ ಅಡ್ಡ ಕೋಲು, ಎರಡು ತುದಿಗೆ ಹೊರೆ. ಇದರ ಹಿಂದೆ ಇಡುಂಬ ಎಂಬ ಅಸುರನ ಕಥೆ ಇದೆ. ಅಗಸ್ತ್ಯರು ಶಿವಗಿರಿ, ಶಕ್ತಿಗಿರಿ ಅನ್ನುವ ಎರಡು ಬೆಟ್ಟಗಳನ್ನು ದಕ್ಷಿಣಕ್ಕೆ ತರಲು ಇಡುಂಬನಿಗೆ ಹೇಳಿದರು. ಅವನು ಹಾವುಗಳನ್ನೇ ಹಗ್ಗ ಮಾಡಿ, ಕೋಲಿನ ಎರಡೂ ಕಡೆ ಬೆಟ್ಟ ತೂಗುಹಾಕಿಕೊಂಡು ಹೊರಟ. ಪಳನಿಯ ಹತ್ತಿರ ಸುಸ್ತಾಗಿ ಕೆಳಗಿಟ್ಟ. ಮತ್ತೆ ಎತ್ತಲು ಹೋದರೆ ಬೆಟ್ಟ ಏಳುವುದಿಲ್ಲ. ಮೇಲೆ ನೋಡಿದರೆ ಲಂಗೋಟಿ ಉಟ್ಟ ಒಬ್ಬ ಹುಡುಗ ನಿಂತಿದ್ದಾನೆ, ‘ಈ ಬೆಟ್ಟ ನನ್ನದು’ ಅನ್ನುತ್ತಾನೆ. ಜಗಳ ಆಯಿತು, ಇಡುಂಬ ಸತ್ತ. ಅವನ ಹೆಂಡತಿ ಬೇಡಿಕೊಂಡ ಮೇಲೆ ಮುರುಗ ಅವನಿಗೆ ಜೀವ ಕೊಟ್ಟ. ಆಗ ಇಡುಂಬ ಕೇಳಿದ ವರ: ‘ನನ್ನ ಹಾಗೆ ಹೊರೆ ಹೊತ್ತು ಬಂದವರನ್ನು ಕೈಬಿಡಬೇಡ. ನಾನು ನಿನ್ನ ಬಾಗಿಲು ಕಾಯುತ್ತೇನೆ.’ ಅದಕ್ಕೇ ಮುರುಗನ ಬೆಟ್ಟಗಳಲ್ಲಿ ಮೊದಲು ಇಡುಂಬನಿಗೆ ಕೈಮುಗಿದು ಮುಂದೆ ಹೋಗುವ ರೂಢಿ.

ಇವತ್ತಿನ ಕಾವಡಿಗಳಲ್ಲಿ ಹಲವು ಬಗೆ. ಕಮಾನಿಗೆ ನವಿಲುಗರಿ ಕಟ್ಟಿದ ‘ಮಯಿಲ್ ಕಾವಡಿ’, ಹಾಲಿನ ಚೊಂಬು ತೂಗುಹಾಕಿದ ‘ಪಾಲ್ ಕಾವಡಿ’, ಮೈಗೆ ಸಣ್ಣ ಸಣ್ಣ ಸರಳು, ಕೊಕ್ಕೆಗಳಿಂದ ಜೋಡಿಸಿಕೊಳ್ಳುವ ‘ಅಲಗು ಕಾವಡಿ’. ಎಲ್ಲೆಡೆ ಹರಿದಾಡುವ ಫೋಟೊ ಈ ಕೊನೆಯದರದ್ದು.

ಹಾಗಾದರೆ ಎಲ್ಲರೂ ಚುಚ್ಚಿಕೊಳ್ಳುವುದಿಲ್ಲವಾ?

ಇಲ್ಲ, ಖಂಡಿತ ಇಲ್ಲ. ಈ ಪ್ರಶ್ನೆಗೇ ನಾನು ಇಷ್ಟೆಲ್ಲ ಬರೆಯಲು ಕೂತದ್ದು. ಬಾಟು ಗುಹೆಯಲ್ಲಿ ಒಂದು ಗಂಟೆ ಸುಮ್ನೆ ಮೆಟ್ಟಿಲ ಬುಡದಲ್ಲಿ ನಿಂತು ನೋಡಿ. ಒಬ್ಬರು ಶೂಲದ ಕಾವಡಿ ಹೊತ್ತು ಹೋಗುವಷ್ಟರಲ್ಲಿ ಹತ್ತಾರು ಜನ ತಲೆ ಮೇಲೆ ಹಾಲಿನ ಕೊಡ ಇಟ್ಟುಕೊಂಡು ಹೋಗುತ್ತಾರೆ. ಅದು ‘ಪಾಲ್ ಕುಡಂ’. ಹೆಂಗಸರು, ಅಜ್ಜಂದಿರು, ಕಾಲೇಜಿಗೆ ಹೋಗುವ ಹುಡುಗಿಯರು, ಆಫೀಸಿಗೆ ರಜೆ ಹಾಕಿ ಬಂದವರು. ಎಲ್ಲರಿಗೂ ಹಳದಿ ಅಥವಾ ಕೇಸರಿ ಬಟ್ಟೆ.

ನಮ್ಮ ಪಕ್ಕದ ಮನೆಯ ಅಕ್ಕ ಕೊಡ ಸಿದ್ಧ ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಬೆಳಗಿನ ಜಾವ ಮೂರೂವರೆ. ಹೊಳೆಯ ದಡದಲ್ಲಿ ತಲೆ ಮೇಲೆ ನೀರು ಹೊಯ್ದುಕೊಂಡು ಒದ್ದೆ ಕೂದಲಲ್ಲೇ ಕೂತಿದ್ದರು. ಪುಟ್ಟ ಹಿತ್ತಾಳೆ ಕೊಡ. ಅದಕ್ಕೆ ಹಾಲು ತುಂಬಿ, ಬಾಯಿಗೆ ಬಾಳೆಲೆಯ ತುಂಡು ಮುಚ್ಚಿದರು. ಅದರ ಮೇಲೆ ಹಳದಿ ಬಟ್ಟೆ. ಕತ್ತಿನ ಸುತ್ತ ದಾರವನ್ನು ಏಳೆಂಟು ಸುತ್ತು ಬಿಗಿದು, ಗಂಟು ಹಾಕಿ, ಕೊಡವನ್ನು ಒಂದು ಸಲ ಬಗ್ಗಿಸಿ ನೋಡಿದರು. ಒಂದು ಹನಿ ಬೀಳಲಿಲ್ಲ. ಆಮೇಲೆ ಬೇವಿನ ಸೊಪ್ಪು, ಮಲ್ಲಿಗೆ. ಅಷ್ಟು ಹೊತ್ತೂ ಒಂದು ಮಾತಿಲ್ಲ. ಕೊಡ ತಲೆಗೇರಿದ ಮೇಲೆ ಎರಡೂ ಕೈ ಕೆಳಗೆ ಇಳಿಯಲಿಲ್ಲ. ಬರಿಗಾಲಿನಲ್ಲಿ, ತಳ್ಳಾಟದಲ್ಲಿ, 272 ಮೆಟ್ಟಿಲು ಮುಗಿಯುವವರೆಗೂ. ಬೆನ್ನಿಗೆ ಗಂಡ, ಮುಂದೆ ದಾರಿ ಬಿಡಿಸುತ್ತಾ ತಮ್ಮ. ಪ್ರತಿ ಕೊಡದ ಸುತ್ತಲೂ ಹೀಗೆ ಒಂದು ಮನೆಯೇ ನಡೆಯುತ್ತಿರುತ್ತದೆ. ಮೇಲೆ ಗುಡಿಯಲ್ಲಿ ಆ ಹಾಲು ಮುರುಗನ ಅಭಿಷೇಕಕ್ಕೆ.

ಚುಚ್ಚಿಕೊಂಡವರಿಗೆ ನೋವಾಗುವುದಿಲ್ಲವಾ? ರಕ್ತ ಬರುವುದಿಲ್ಲವಾ?

ನೋವಿನ ಬಗ್ಗೆ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ‘ಚುಚ್ಚಿದ್ದೇ ಗೊತ್ತಾಗಲಿಲ್ಲ’ ಅಂದವರೂ ಇದ್ದಾರೆ, ‘ಗೊತ್ತಾಯಿತು, ಆದರೆ ತಡೆದುಕೊಂಡೆ’ ಅಂದವರೂ ಇದ್ದಾರೆ. ನಾನು ನೋಡಿದಷ್ಟರಲ್ಲಿ ರಕ್ತ ತೀರಾ ಕಡಿಮೆ. ಚುಚ್ಚುವವರು ಅನುಭವಸ್ಥರು. ಕೆನ್ನೆಯನ್ನು ಬೆರಳಲ್ಲಿ ಹಿಡಿದು, ವಿಭೂತಿ ಒತ್ತಿ, ಒಂದೇ ಗುಕ್ಕಿಗೆ ಮುಗಿಸುತ್ತಾರೆ. ಆ ಹೊತ್ತಿಗೆ ಸುತ್ತ ಉರುಮಿ ಮೇಳ ಜೋರಾಗುತ್ತದೆ. ಮನೆಯವರು ‘ವೇಲ್ ವೇಲ್, ವೆಟ್ರಿವೇಲ್’ ಅಂತ ಕೂಗುತ್ತಾರೆ. ಹೊರುವವನ ಮೈ ನಡುಗಲು ಶುರುವಾಗುತ್ತದೆ. ಅದನ್ನು ‘ಅರುಳ್’ ಅನ್ನುತ್ತಾರೆ. ನಮ್ಮಲ್ಲಿ ‘ಮೈಮೇಲೆ ಬರುವುದು’ ಅನ್ನುತ್ತೇವಲ್ಲ, ಅದೇ. ನಾಲಿಗೆಗೆ ಚುಚ್ಚಿದ ಪುಟ್ಟ ವೇಲ್ ಮೌನದ ಗುರುತು. ಇನ್ನು ಅದನ್ನು ತೆಗೆಯುವವರೆಗೂ ಮಾತಿಲ್ಲ.

ಮೇಲೆ ಪೂಜೆ ಆದ ಮೇಲೆ ಶೂಲ ತೆಗೆಯುವುದನ್ನು ಒಮ್ಮೆ ಕೈಯಳತೆ ದೂರದಿಂದ ನೋಡಿದೆ. ಸರಳು ಹೊರಗೆ ಬಂದ ಕ್ಷಣವೇ ಒಂದು ಚಿಟಿಕೆ ವಿಭೂತಿಯನ್ನು ಹೆಬ್ಬೆರಳಿನಿಂದ ಕೆನ್ನೆಗೆ ಒತ್ತಿದರು. ಹುಡುಗ ಎರಡು ಕ್ಷಣ ಕಣ್ಣು ಮುಚ್ಚಿ ನಿಂತ. ಆಮೇಲೆ ಅಮ್ಮನ ಹೆಗಲಿಗೆ ತಲೆ ಇಟ್ಟ. ಆ ತಾಯಿ ಅಷ್ಟು ಹೊತ್ತು ಅವನ ಬೆನ್ನಿಗೆ ಬೀಸಣಿಗೆ ಬೀಸುತ್ತಲೇ ಬಂದಿದ್ದರು.

ಇದು ತೀರಾ ವಿಪರೀತ ಅನಿಸುವುದಿಲ್ಲವಾ?

ನಾನು ಹಳೇ ಮೈಸೂರು ಭಾಗದವನು. ಮಾರಿಹಬ್ಬದಲ್ಲಿ ಬಾಯಿಬೀಗ ಹಾಕಿಸಿಕೊಂಡವರನ್ನು, ಕೊಂಡ ಹಾಯ್ದವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ಮೊದಲ ಸಲ ಬಾಟು ಗುಹೆಗೆ ಹೋದಾಗ ಗಾಬರಿ ಆಗಲಿಲ್ಲ, ಊರು ನೆನಪಾಯಿತು. ‘ಹರಕೆ’ ಅನ್ನುವ ಮಾತು ಗೊತ್ತಿರುವ ಕನ್ನಡದವರಿಗೆ ಈ ಹಬ್ಬವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ಜ್ವರ ಬಿಡದೆ ಇದ್ದಾಗ, ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗದೆ ಇದ್ದಾಗ, ಕೆಲಸ ಹೋದಾಗ, ಆಪರೇಷನ್ ಕೋಣೆಯ ಹೊರಗೆ ಕೂತಾಗ ಮಾತು ಕೊಟ್ಟಿರುತ್ತಾರೆ. ಆ ಮಾತನ್ನು ಮೈಯಿಂದಲೇ ತೀರಿಸುತ್ತಾರೆ. ಕೆಲವರು ಕೊಡದಲ್ಲಿ, ಕೆಲವರು ಕಾವಡಿಯಲ್ಲಿ, ಕೆಲವರು ಸುಮ್ನೆ ತಲೆ ಬೋಳಿಸಿ ಗಂಧ ಹಚ್ಚಿಕೊಂಡು.

ನನಗೆ ಬೇಸರ ಆಗುವುದು ಬೇರೆ ವಿಷಯಕ್ಕೆ. ಹೊರಗಿನವರು ಇದನ್ನು ಸರ್ಕಸ್ಸಿನ ಹಾಗೆ ನೋಡುವುದು, ಕೆಲವು ಹುಡುಗರು ಕ್ಯಾಮೆರಾಕ್ಕಾಗಿಯೇ ಜಾಸ್ತಿ ಜಾಸ್ತಿ ಚುಚ್ಚಿಕೊಳ್ಳುವುದು. ಇದರ ಬಗ್ಗೆ ಇಲ್ಲಿನ ಹಿರಿಯ ತಮಿಳರಿಗೇ ಬೇಸರವಿದೆ. ಕಾವಡಿ ದೇವರಿಗೆ ಮಾತ್ರ ಅಂತ ಅವರೇ ಗಟ್ಟಿಯಾಗಿ ಹೇಳುತ್ತಾರೆ.

ವ್ರತ ಎಷ್ಟು ದಿನ?

ಪೂರ್ತಿ ಮಾಡುವವರು 48 ದಿನ, ಒಂದು ಮಂಡಲ. ಆಗದವರು 21 ದಿನ ಅಥವಾ ಇನ್ನೂ ಕಡಿಮೆ. ಮಾಂಸ, ಮದ್ಯ ಇಲ್ಲ. ದಿನಕ್ಕೆ ಒಂದು ಊಟ, ನೆಲದ ಮೇಲೆ ಚಾಪೆ, ಬ್ರಹ್ಮಚರ್ಯ, ಎರಡು ಹೊತ್ತು ಪೂಜೆ. ಶಬರಿಮಲೆಗೆ ಮಾಲೆ ಹಾಕಿದವರ ಮನೆ ಹೇಗಿರುತ್ತದೋ ಹಾಗೇ. ಮನೆಯಲ್ಲಿ ಸಾವು ಆಗಿದ್ದರೆ ಆ ವರ್ಷ ಕಾವಡಿ ಎತ್ತದ ಕುಟುಂಬಗಳು ಬಹಳ.

ಮಕ್ಕಳಿಗೂ ಏನಾದರೂ ಹರಕೆ ಇದೆಯಾ?

ಇದೆ, ಹಬ್ಬದಲ್ಲಿ ಅತಿ ಚೆಂದದ ನೋಟವೇ ಅದು. ‘ಕರುಂಬು ತೊಟ್ಟಿಲ್’, ಕಬ್ಬಿನ ತೊಟ್ಟಿಲು. ಹರಕೆ ಹೊತ್ತು ಹುಟ್ಟಿದ ಮಗುವನ್ನು ಹಳದಿ ಸೀರೆಯ ಜೋಲಿಯಲ್ಲಿ ಮಲಗಿಸಿ, ಜೋಲಿಯನ್ನು ಕಬ್ಬಿನ ಜಲ್ಲೆಗೆ ಕಟ್ಟುತ್ತಾರೆ. ಅಪ್ಪ ಒಂದು ತುದಿ, ಅಮ್ಮ ಇನ್ನೊಂದು ತುದಿ ಹೆಗಲಿಗೆ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಾರೆ. ಅಷ್ಟು ಡೋಲು, ಕೂಗಾಟದ ನಡುವೆಯೂ ಒಳಗಿನ ಮಗು ಎಷ್ಟೋ ಸಲ ನಿದ್ದೆಯಲ್ಲೇ ಇರುತ್ತದೆ.

ತಮಿಳರಲ್ಲದವರು ಬರುತ್ತಾರಾ?

ಬರುತ್ತಾರೆ. ತೆಲುಗರು, ಮಲಯಾಳಿಗಳು ಅಷ್ಟೇ ಅಲ್ಲ, ಚೀನಿಯರೂ ಹಾಲಿನ ಕೊಡ, ಕಾವಡಿ ಹೊರುತ್ತಾರೆ. ಪೆನಾಂಗ್‌ನಲ್ಲಂತೂ ರಥದ ದಾರಿಯಲ್ಲಿ ತೆಂಗಿನಕಾಯಿ ರಾಶಿ ಹಾಕಿಕೊಂಡು ಒಡೆಯುವವರಲ್ಲಿ ಚೀನೀ ಕುಟುಂಬಗಳು ಬೇಕಾದಷ್ಟು.

ಬೇರೆ ಕಡೆ ಎಲ್ಲೆಲ್ಲಿ ನಡೆಯುತ್ತದೆ?

ಪೆನಾಂಗ್‌ನಲ್ಲಿ ಜಲಪಾತದ ಬೆಟ್ಟದ ಮೇಲೆ ಬಾಲದಂಡಾಯುಧಪಾಣಿ ದೇವಸ್ಥಾನ ಇದೆ. ಅಲ್ಲಿ 500ಕ್ಕೂ ಜಾಸ್ತಿ ಮೆಟ್ಟಿಲು. ಚೆಟ್ಟಿಯಾರರ ಬೆಳ್ಳಿ ರಥ ತುಂಬಾ ಹಳೆಯದು, 2017ರಿಂದ ವೇಲ್ ಹೊತ್ತ ಚಿನ್ನದ ರಥವೂ ಹೊರಡುತ್ತಿದೆ. ದಾರಿಯುದ್ದಕ್ಕೂ ‘ತಣ್ಣೀರ್ ಪಂದಲ್’, ಅಂದರೆ ಅರವಟ್ಟಿಗೆ. ಹಸಿದು ಬಂದವರು ಯಾರೂ ಹಸಿದು ಹೋಗುವುದಿಲ್ಲ.

ಸಿಂಗಪುರದಲ್ಲಿ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಿಂದ ಟ್ಯಾಂಕ್ ರಸ್ತೆಯ ದಂಡಾಯುಧಪಾಣಿ ದೇವಸ್ಥಾನದವರೆಗೆ ಸುಮಾರು 4 ಕಿಲೋಮೀಟರ್ ನಡಿಗೆ. ಅಲ್ಲಿ 1968ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆ ಇಲ್ಲ. ದಾರಿಯಲ್ಲಿ ವಾದ್ಯ ನುಡಿಸುವುದಕ್ಕೂ ಬಹಳ ವರ್ಷ ತಡೆ ಇತ್ತು. 2016ರಿಂದ ಗೊತ್ತು ಮಾಡಿದ ಕೆಲವು ಜಾಗಗಳಲ್ಲಿ ನುಡಿಸಲು ಬಿಟ್ಟಿದ್ದಾರೆ. ಡೋಲಿಲ್ಲದೆ ಕಾವಡಿ ಹೊರುವುದು ಎಷ್ಟು ಕಷ್ಟ ಅಂತ ಹೊತ್ತವರನ್ನೇ ಕೇಳಬೇಕು.

ಮಾರಿಷಸ್‌ನಲ್ಲಿ ಇದು ಇಡೀ ದೇಶಕ್ಕೆ ರಜೆ, ‘ತೈಪೂಸಂ ಕಾವಡಿ’ ಅಂತಲೇ ಹೆಸರು. ದಕ್ಷಿಣ ಆಫ್ರಿಕಾದ ಡರ್ಬನ್, ರಿಯೂನಿಯನ್ ದ್ವೀಪದಲ್ಲೂ ಕಾವಡಿ ಇದೆ. ಕೂಲಿಯವರ ಹಡಗು ಹೋದ ದಾರಿಯಲ್ಲೇ ಮುರುಗನೂ ಹೋಗಿದ್ದಾನೆ.

ತಮಿಳುನಾಡಿನಲ್ಲೇ ಇಷ್ಟು ದೊಡ್ಡದಾಗಿ ಮಾಡುವುದಿಲ್ಲವಂತೆ, ಹೌದಾ?

ಹಾಗೆ ಹೇಳಿದರೆ ಪಳನಿಗೆ ಅನ್ಯಾಯ. ಅಲ್ಲಿಗೆ ಊರೂರಿಂದ ದಿನಗಟ್ಟಲೆ ನಡೆದುಕೊಂಡೇ ಬರುತ್ತಾರೆ. ಆದರೆ ತಮಿಳುನಾಡಿನಲ್ಲಿ ತೈಪೂಸಂಗೆ ಸರ್ಕಾರಿ ರಜೆ ಸಿಕ್ಕಿದ್ದು 2021ರಲ್ಲಿ. ಮಲೇಷ್ಯಾದ ಹಲವು ರಾಜ್ಯಗಳಲ್ಲಿ ಅದಕ್ಕೂ ಮೊದಲೇ ಇತ್ತು, ಕೌಲಾಲಂಪುರಕ್ಕೆ 2008ರಲ್ಲಿ ಬಂತು. ಊರಲ್ಲಿ ನೂರು ಹಬ್ಬದ ನಡುವೆ ಇದೊಂದು ಹಬ್ಬ. ಇಲ್ಲಿ ಹಾಗಲ್ಲ. ತಮಿಳರು ವರ್ಷಕ್ಕೊಮ್ಮೆ ಊರಿನ ರಸ್ತೆ ತುಂಬಾ ತಮ್ಮ ಭಾಷೆ, ತಮ್ಮ ದೇವರ ಜೊತೆ ನಡೆಯುವ ದಿನ.

ನಾವು ಹೋಗಬಹುದಾ? ಹೇಗೆ ಹೋಗುವುದು?

ಧಾರಾಳವಾಗಿ. ಟಿಕೆಟ್ ಇಲ್ಲ. ಹಬ್ಬದ ದಿನ ಕಾರು, ಟ್ಯಾಕ್ಸಿ ಮರೆತುಬಿಡಿ, ರಸ್ತೆ ಮುಚ್ಚಿರುತ್ತದೆ. ಕೌಲಾಲಂಪುರದ ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ಕೊಮ್ಯೂಟರ್ ರೈಲು ನೇರ ಬಾಟು ಗುಹೆ ನಿಲ್ದಾಣಕ್ಕೆ ಬಿಡುತ್ತದೆ, ಇಳಿದರೆ ದೇವಸ್ಥಾನ ಪಕ್ಕದಲ್ಲೇ. ಹಿಂದಿನ ರಾತ್ರಿ ಅಥವಾ ಬೆಳಗಿನ ಜಾವ ಹೋದರೆ ಒಳ್ಳೆಯದು. ಹತ್ತು ಗಂಟೆ ಮೇಲೆ ಬಿಸಿಲು ಸುಡುತ್ತದೆ, ಕಾಲು ಇಡಲು ಆಗುವುದಿಲ್ಲ. ಮಂಡಿ ಮುಚ್ಚುವ ಬಟ್ಟೆ ಹಾಕಿ. ಚಪ್ಪಲಿಗೆ ಒಂದು ಚೀಲ ಇರಲಿ. ಕೈಯಲ್ಲಿ ತಿಂಡಿ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ಚಿಕ್ಕ ಮಕ್ಕಳ ಕೈ ಮಾತ್ರ ಬಿಡಲೇಬೇಡಿ. ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದು ಇಡಿ.

ಊಟದ ಚಿಂತೆ ಬೇಡ. ಅನ್ನದಾನದ ಸಾಲು ಸಿಕ್ಕೇ ಸಿಗುತ್ತದೆ. ಬಾಳೆಲೆ ಅಥವಾ ಕಾಗದದ ಮೇಲೆ ಅನ್ನ, ಸಾಂಬಾರು, ಒಂದು ಪಲ್ಯ, ಆಮೇಲೆ ಮಜ್ಜಿಗೆ.

ಫೋಟೊ ತೆಗೆಯಬಹುದಾ?

ತೆಗೆಯಬಹುದು, ಆದರೆ ದೂರದಿಂದ. ಅರುಳ್ ಬಂದವರ ಮುಖದ ಹತ್ತಿರ ಫೋನ್ ಹಿಡಿಯಬೇಡಿ, ದಾರಿಗೆ ಅಡ್ಡ ನಿಲ್ಲಬೇಡಿ. ಹೊಳೆ ದಡದಲ್ಲಿ ಸ್ನಾನ ಮಾಡುವವರನ್ನು ಅಂತೂ ಬೇಡವೇ ಬೇಡ. ಕೊಡ ಹೊತ್ತವರು ಎದುರು ಬಂದರೆ ಪಕ್ಕಕ್ಕೆ ಸರಿದು ‘ಅರೋಗರಾ’ ಅಂತ ಮುರುಗನಿಗೆ ಜೈಕಾರ ಹಾಕಿ. ಅವರ ಮುಖ ಅರಳುತ್ತದೆ.

ಬೆಟ್ಟ ಇಳಿದರೆ ಹರಕೆ ಮುಗಿಯಿತಾ?

ಇನ್ನೂ ಒಂದು ಬಾಕಿ ಇರುತ್ತದೆ. ಒಂದೆರಡು ದಿನ ಬಿಟ್ಟು ಮನೆಯಲ್ಲಿ ‘ಇಡುಂಬನ್ ಪೂಜೈ’ ಮಾಡುತ್ತಾರೆ. ಹೊರೆ ಹೊರಲು ಶಕ್ತಿ ಕೊಟ್ಟ ಬಾಗಿಲು ಕಾಯುವವನಿಗೆ ಎಡೆ ಇಟ್ಟು, ಜೊತೆಗೆ ನಡೆದ ನೆಂಟರು, ಗೆಳೆಯರಿಗೆ ಊಟ ಹಾಕಿ, ಆಮೇಲೆ ವ್ರತ ಬಿಡುವುದು. ಕೆಲವು ಮನೆಗಳಲ್ಲಿ ಅವತ್ತು ಮಾಂಸದ ಅಡುಗೆಯೇ ಎಡೆ.

ಪಕ್ಕದ ಮನೆಯ ಅಕ್ಕ ಮಗನ ಆರೋಗ್ಯಕ್ಕೆ ಅಂತ ಹೇಳಿಕೊಂಡದ್ದು ಮೂರು ವರ್ಷದ ಹರಕೆ. ಮೂರನೇ ವರ್ಷದ ಊಟಕ್ಕೆ ನಮ್ಮನ್ನೂ ಕರೆದಿದ್ದರು. ಎಲ್ಲರೂ ಎದ್ದ ಮೇಲೆ ಹುಣಸೆಹಣ್ಣು ಹಚ್ಚಿ ಆ ಹಿತ್ತಾಳೆ ಕೊಡ ತಿಕ್ಕುತ್ತಿದ್ದರು. ‘ಹರಕೆ ಮುಗಿಯಿತಲ್ಲಾ ಅಕ್ಕ, ಇನ್ನು ಕೊಡ ಏನು ಮಾಡ್ತೀರಿ?’ ಅಂತ ಕೇಳಿದೆ. ಕೊಡ ತೊಳೆದು, ಸೆರಗಿನಲ್ಲಿ ಒರೆಸಿ, ದೇವರ ಕೋಣೆಯ ಅಟ್ಟದ ಮೇಲೆ ಇಟ್ಟರು. ‘ಮುಂದಿನ ವರ್ಷ ಸೊಸೆಗೆ ಬೇಕಾಗುತ್ತೆ’ ಅಂದರು.